ನಾರಾಯಣ ಪೆಡಲ್

ಭಾನುವಾರ ಬೆಳಿಗ್ಗೆ ಜಪಾನಿನ ಸಗಮಿಹಾರಾದಲ್ಲಿರುವ ನಾರಾಯಣನ ವರ್ಕ್‌ಶಾಪಿಗೆ ನಾಗೋಯಾದಿಂದ ಒಬ್ಬ ಯುವಕ ತನ್ನ ಗಾಡಿ ಓಡಿಸಿಕೊಂಡು ಬಂದಿದ್ದ. ನಾರಾಯಣ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಬ್ರೇಕೂ ಆಕ್ಸಿಲರೇಟರೂ ಒಂದೇ ಎತ್ತರದಲ್ಲಿ, ನಡುವೆ ಬೆರಳು ತೂರುವಷ್ಟೇ ಸಂದು ಬಿಟ್ಟುಕೊಂಡು, ಅಂಟಿಕೊಂಡ ಹಾಗೆ ಕೂತಿದ್ದವು. ನಾರಾಯಣನಿಗೆ ಮೈಯೆಲ್ಲ ಉರಿದುಹೋಯಿತು.

"ಇದನ್ನು ಯಾಕೆ ಹೀಗೆ ಮಾಡಿದೆ?" ಎಂದು ಜಪಾನಿಯಲ್ಲಿ ಕೇಳಿದ.

ಯುವಕ ಸೊಂಟದವರೆಗೆ ಬಗ್ಗಿ, "ನಾರಾಯಣ ಪೆಡಲ್" ಎಂದ. ಪಂಢರಪುರಕ್ಕೆ ಬಂದವನು ವಿಠಲ ಎಂದ ಹಾಗಿತ್ತು ಅವನ ದನಿ.

ನಾರಾಯಣ ತನ್ನ ಬಲಗಾಲನ್ನು ಎಳೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತ. ಅವನ ಬಲಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಎಷ್ಟೋ ವರ್ಷದ ಕೆಳಗೆ ಜಾಕ್ ಜಾರಿ ಗೇರ್‌ಬಾಕ್ಸ್ ಬಿದ್ದದ್ದು ಆ ಮೊಣಕಾಲಿನ ಮೇಲೆ. ಆಸ್ಪತ್ರೆಯಿಂದ ಬಂದ ಮೇಲೆ, ಕಾಲನ್ನು ಎತ್ತಿ ಬ್ರೇಕಿನ ಮೇಲೆ ಇಡಲಾಗದೆ, ಹಿಮ್ಮಡಿ ನೆಲದಲ್ಲೇ ಊರಿ ಪಾದವನ್ನಷ್ಟೇ ತಿರುಗಿಸಿ ಒತ್ತಲು ಬರುವ ಹಾಗೆ ತನ್ನ ಪಿಕಪ್ಪಿನ ಎರಡು ಪೆಡಲನ್ನೂ ಹತ್ತಿರ ತಂದುಕೊಂಡಿದ್ದ. ಅದು ಒಬ್ಬ ಕುಂಟ ತನಗಾಗಿ ಮಾಡಿಕೊಂಡ ಊರುಗೋಲು. ಈಗ ಜಪಾನಿನ ತುಂಬ ಎರಡು ಕಾಲೂ ನೆಟ್ಟಗಿರುವ ಗಂಡಸರು ಆ ಊರುಗೋಲು ಹಿಡಿದು ಓಡಾಡುತ್ತಿದ್ದರು.

ಇಷ್ಟಕ್ಕೂ ಈ ನಾರಾಯಣ ಯಾರು ಎಂದು ಕೇಳಿದರೆ, ದೊಡ್ಡ ಮನುಷ್ಯನೇನಲ್ಲ. ಬೆಂಗಳೂರಿನ ಕಲಾಸಿಪಾಳ್ಯದ ಹಿಂದಿನ ಬೀದಿಯಲ್ಲಿ ಅವನ ಅಪ್ಪನದು ಟಿಂಕರಿಂಗ್ ಅಂಗಡಿ. ಗುದ್ದಿಸಿಕೊಂಡು ಬಂದ ಕಾರುಗಳ ಮೈಯನ್ನು ಬಡಿದು ಬಡಿದು ಮೊದಲಿನ ಹಾಗೆ ಮಾಡುವ ಕೆಲಸ. ಮಗನೂ ಅದನ್ನೇ ಕಲಿತ. ಜಪಾನಿನ ಒಂದು ಕಾರ್ಖಾನೆ ತರಬೇತಿಗೆ ಹುಡುಗರನ್ನು ಆರಿಸಲು ಬಂದಾಗ ಸುತ್ತಿಗೆ ಹಿಡಿಯುವ ಕೈ ನೋಡಿ ಇವನನ್ನು ಕರೆದುಕೊಂಡು ಬಂತು. ಈಗ ನಮ್ಮವರೇ ತುಂಬಿರುವ ಫುನಾಬೊರಿಯ ಕಡೆ ಹೋದರೆ ರಾಗಿಹಿಟ್ಟು, ಹುರಿಗಡಲೆ ಎಲ್ಲ ಸಿಗುತ್ತದೆ, ಅಲ್ಲಿನ ವಠಾರಗಳ ಮೆಟ್ಟಿಲು ಹತ್ತುವಾಗ ಇಳಿಯುವಾಗ ಕನ್ನಡ ಕಿವಿಗೆ ಬೀಳುತ್ತದೆ. ಆಗ ಕನ್ನಡದಲ್ಲಿ ಯಾರನ್ನಾದರೂ ಬೈಯಬೇಕೆಂದರೂ ಕನ್ನಡಿಯ ಮುಂದೆ ನಿಲ್ಲಬೇಕಿತ್ತು. ಅದಕ್ಕೇ ಬೇಗ ಮದುವೆ ಮಾಡಿಕೊಂಡೆ ಎಂದು ನಾರಾಯಣ ಹೇಳುತ್ತಾನೆ. ಬೈಯುವ ಕೆಲಸವನ್ನು ಆಮೇಲೆ ಹೆಂಡತಿ ಅನಸೂಯಾ ವಹಿಸಿಕೊಂಡಳು, ಅದು ಬೇರೆ ಮಾತು.

ಸಗಮಿಹಾರಾದ ಪಕ್ಕದಲ್ಲೇ ಅಮೆರಿಕನ್ ಸೈನಿಕರ ನೆಲೆ. ಅವರಿಂದ ಹಬ್ಬಿದ ಹುಚ್ಚೊಂದು ನಾರಾಯಣನಿಗೂ ಹತ್ತಿತು. ಗುಜರಿಗೆ ಹೋಗಬೇಕಾದ ಹಳೆಯ ಗಾಡಿ ತಂದು, ಛಾವಣಿ ಕತ್ತರಿಸಿ ತಗ್ಗಿಸಿ, ಮೈಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ದೊಡ್ಡ ಎಂಜಿನ್ ಕೂರಿಸಿ, ಗುಡುಗಿಸಿಕೊಂಡು ಓಡಿಸುವುದು. ಇದಕ್ಕೆ ಹಾಟ್ ರಾಡ್ ಎನ್ನುತ್ತಾರೆ. ಕಾರ್ಖಾನೆಯ ಕೆಲಸ ಬಿಟ್ಟು ನಾರಾಯಣ ಸ್ವಂತ ವರ್ಕ್‌ಶಾಪ್ ಹಾಕಿದ. ಅವನು ಛಾವಣಿ ಇಳಿಸಿದ ಗಾಡಿಯಲ್ಲಿ ಎಲ್ಲಿ ಕತ್ತರಿಸಿದ್ದು, ಎಲ್ಲಿ ಬೆಸೆದದ್ದು ಎಂದು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಪುಟ್ಟಿ ಮೆತ್ತಿ ತಗ್ಗು ಮುಚ್ಚುವುದೆಂದರೆ ಅವನಿಗೆ ಅಸಹ್ಯ. ಅಂಗೈಗೆ ತೆಳು ಬಟ್ಟೆ ಸುತ್ತಿ, ಕಣ್ಣು ಮುಚ್ಚಿ ತಗಡನ್ನು ಸವರಿ, ಎಲ್ಲಿ ಉಬ್ಬಿದೆಯೋ ಅಲ್ಲಿ ಬಡಿಯುವುದು. ಅಪ್ಪ ಕಲಿಸಿದ ಈ ವಿದ್ಯೆಯನ್ನು ಬಂದವರಿಗೆಲ್ಲ ಕಲಿಸಲು ಹೆಣಗಾಡಿದ. ಒಂದು ಬಾಗಿಲಿಗೇ ಒಂದು ಚಳಿಗಾಲ ಕಳೆಯುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರೂ ಅರಿಗಾತೋ, ಧನ್ಯವಾದ ಎಂದು ಬಗ್ಗಿ, ಮನೆಗೆ ಹೋಗಿ ಪುಟ್ಟಿ ಮೆತ್ತಿಕೊಂಡರು. ಪೆಡಲ್ ಹತ್ತಿರ ತರುವುದಾದರೆ ಒಂದು ಮಧ್ಯಾಹ್ನದ ಕೆಲಸ ನೋಡಿ, ಅದನ್ನು ಮಾತ್ರ ಬಿಡದೆ ಕಲಿತರು!

ಬೆಂಕಿಗೆ ತುಪ್ಪ ಸುರಿದದ್ದು ಒಂದು ಮಾಸಪತ್ರಿಕೆ. ಅದರವನು ಬಂದು ಪಿಕಪ್ಪಿನ ಚಿತ್ರ ತೆಗೆದುಕೊಂಡು ಹೋಗಿ, ಪಾದವನ್ನು ನೆಲದಿಂದ ಎತ್ತದೆಯೇ ವೇಗವನ್ನೂ ನಿಲುಗಡೆಯನ್ನೂ ಆಳುವ ಭಾರತೀಯ ಗುರು ಎಂದು ಬರೆದ. ಯೋಗ, ಧ್ಯಾನ ಎಲ್ಲ ಸೇರಿಸಿದ. ನಾರಾಯಣ ಹುಟ್ಟಿದಂದಿನಿಂದ ಒಂದು ಆಸನವನ್ನೂ ಹಾಕಿದವನಲ್ಲ.

ಅವನು ಸುಮ್ಮನೆ ಕೂತಿರಲಿಲ್ಲ. "ಇದು ಶೈಲಿ ಅಲ್ಲ, ನನ್ನ ಕಾಲು ಸರಿಯಿಲ್ಲದ್ದಕ್ಕೆ ಮಾಡಿಕೊಂಡದ್ದು, ನೀವು ಮಾಡಬೇಡಿ, ಅಪಾಯ" ಎಂದು ಸಿಕ್ಕವರಿಗೆಲ್ಲ ಹೇಳಿದ. ಹೋದ ವರ್ಷ ಯೊಕೊಹಾಮಾದ ಪ್ರದರ್ಶನದಲ್ಲಿ ಅವನಿಗೆ ಸನ್ಮಾನ ಮಾಡಿ ಮೈಕ್ ಕೊಟ್ಟಾಗ ಇದೊಂದನ್ನೇ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು ಬಗೆ ಬಡಿಸಿ "ಏನೂ ಮಾಡಿಲ್ಲ, ಕ್ಷಮಿಸಿ" ಎನ್ನುವ ದೇಶ ಅದು. ತನ್ನ ಕೆಲಸವನ್ನು ತಾನೇ ಹಳಿದುಕೊಂಡವನು ಅಲ್ಲಿ ಅಷ್ಟಷ್ಟು ದೊಡ್ಡವನಾಗುತ್ತಾನೆ. ಅತಿವಿನಯಂ ಧೂರ್ತಲಕ್ಷಣಂ ಎನ್ನುವ ನಮ್ಮ ಮಾತು ಆ ಗಾಳಿಯಲ್ಲಿ ನಡೆಯುವುದಿಲ್ಲ. ನಾರಾಯಣ ತಪ್ಪು ತಪ್ಪು ಎಂದು ಬಾಯಿ ಬಡಿದುಕೊಂಡಷ್ಟೂ ಅವರು ಆಹಾ ಎಂಥ ವಿನಯ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಸುಮ್ಮನಾದರೂ ಇರುತ್ತದೆ, ತಿರುಗಿ ನಮಸ್ಕಾರ ಮಾಡುವುದಿಲ್ಲ.

ಒಮ್ಮೆ ತಾಳ್ಮೆಗೆಟ್ಟು, ಹಳೆಯ ಶಿಷ್ಯ ಇಸೊಗಾಯ್-ಸಾನ್ ಕಾಫಿ ಕುಡಿಯಲು ಹೋದಾಗ ಅವನ ಗಾಡಿಯ ಪೆಡಲನ್ನು ಕತ್ತರಿಸಿಯೇ ಹಾಕಿದ. ಇಸೊಗಾಯ್-ಸಾನ್ ಬಂದು ನೋಡಿ ಕಣ್ಣು ತುಂಬಿಕೊಂಡ. ತನ್ನ ಕೆಲಸ ಗುರುವಿನ ಮಟ್ಟಕ್ಕೆ ಬಂದಿಲ್ಲವೆಂದು ಅರ್ಥಮಾಡಿಕೊಂಡು, ಮುಂದಿನ ವಾರ ಇನ್ನೂ ಹತ್ತಿರಕ್ಕೆ ಬೆಸೆದುಕೊಂಡು ಬಂದ.

ನಾಗೋಯಾದವನು ಹೋದ ಸ್ವಲ್ಪ ಹೊತ್ತಿಗೆ ಫುನಾಬೊರಿಯಿಂದ ವಿನಾಯಕ್ ಬಂದ. ಮೈಸೂರಿನವನು, ಸಾಫ್ಟ್‌ವೇರ್ ಕಂಪನಿ ಕಳಿಸಿ ಬಂದವನು. ಮನೆಯ ಹತ್ತಿರ ಗಾಡಿ ನಿಲ್ಲಿಸಲು ಜಾಗವಿಲ್ಲದೆ, ತಾನು ಕಟ್ಟುತ್ತಿದ್ದ ಪಿಕಪ್ಪನ್ನು ನಾರಾಯಣನ ಅಂಗಳದಲ್ಲೇ ಇಟ್ಟಿದ್ದ. ಎಲ್ಲ ಕೆಲಸ ಮುಗಿದಿತ್ತು. ಪೆಡಲನ್ನು ಮಾತ್ರ, ನಾರಾಯಣ ವೈದ್ಯರ ಹತ್ತಿರ ಹೋಗಿದ್ದ ಹೊತ್ತಿನಲ್ಲಿ, ಇಸೊಗಾಯ್-ಸಾನ್ ಕೂತು ಹಾಕಿಕೊಟ್ಟಿದ್ದ; ಅದು ನಾರಾಯಣನ ಕಣ್ಣಿಗೆ ಬಿದ್ದಿರಲಿಲ್ಲ.

"ಸರ್, ಬನ್ನಿ, ಕೊಂಬಿನಿವರೆಗೆ ಒಂದು ರೌಂಡ್ ಹೋಗ್ಬರೋಣ. ಕಾಫಿ ನಂದು" ಎಂದ ವಿನಾಯಕ್.

ಕೊಂಬಿನಿ ಎಂದರೆ ಹಗಲೂ ರಾತ್ರಿ ತೆರೆದಿರುವ ಬೀದಿಕೊನೆಯ ಅಂಗಡಿ. ಗಾಜಿನ ಗೋಡೆ, ಅದರ ಮುಂದೆಯೇ ಗಾಡಿ ನಿಲ್ಲಿಸುವ ಜಾಗ. ವಿನಾಯಕ್ ಒಳಕ್ಕೆ ತಿರುಗಿಸಿದ. ಬ್ರೇಕ್ ಒತ್ತಿದ. ಅವನ ದಪ್ಪ ಸ್ಪೋರ್ಟ್ಸ್ ಷೂ ಎರಡು ಪೆಡಲನ್ನೂ ಒಟ್ಟಿಗೇ ಒತ್ತಿತು. ಎಂಜಿನ್ ಅಬ್ಬರಿಸಿತು, ಗಾಡಿ ಮುಗ್ಗರಿಸಿ ಹಾರಿ, ಗಾಜಿನ ಮುಂದೆ ನಿಂತಿದ್ದ ಒಂದು ಸೈಕಲ್ಲನ್ನು ಕೆಡವಿ, ಕುಲುಕಿಕೊಂಡು ಆಫ್ ಆಯಿತು. ಸೈಕಲ್ಲಿನ ಹಿಂದೆ ಮಗು ಕೂರಿಸುವ ಸೀಟಿತ್ತು. ಮಗು ತಾಯಿಯ ಜೊತೆ ಅಂಗಡಿಯೊಳಗಿತ್ತು.

ವಿನಾಯಕ್ ಓಡಿಹೋಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ಆ ತಾಯಿಗೆ ಹತ್ತಾರು ಸಲ ಬಗ್ಗಿ ಬಂದ.

"ಸಾರಿ ಸರ್. ಟೆಕ್ನಿಕ್ ಇನ್ನೂ ಕೂತಿಲ್ಲ ನಂಗೆ. ಪ್ರಾಕ್ಟೀಸ್ ಮಾಡ್ತೀನಿ."

"ಎಂಥ ಟೆಕ್ನಿಕ್ಕೋ ನಿನ್ನ ತಲೆ! ಅದು ಟೆಕ್ನಿಕ್ ಅಲ್ಲ ಕಣೋ, ಕುಂಟು. ನಿನಗೆ ದೇವರು ಕೊಟ್ಟಿರೋ ಎರಡು ಕಾಲಿದೆ. ಎತ್ತು, ಬ್ರೇಕ್ ಮೇಲಿಡು. ಪೆಡಲ್ ದೂರ ಮಾಡಿಸು, ಇವತ್ತೇ."

ವಿನಾಯಕ್ ಮುಗುಳ್ನಕ್ಕ. "ನೀವು ಹಿಂಗೇ ಹೇಳ್ತೀರಾ ಅಂತ ಇಸೊಗಾಯ್-ಸಾನ್ ಮೊದ್ಲೇ ಹೇಳಿದ್ರು ಸರ್. ಮಾಸ್ಟರ್ ಟೆಸ್ಟ್ ಮಾಡ್ತಾರೆ, ಡಿಸ್ಕರೇಜ್ ಮಾಡ್ತಾರೆ, ನೀನು ಬಿಟ್ಕೊಡ್ಬೇಡ ಅಂತ."

ಅವರು ಜಪಾನಿಗಳು, ಅವರ ರೀತಿ ಅದು ಎನ್ನಬಹುದು. ಕನ್ನಡದಲ್ಲಿ ಬೈದರೂ ಅರ್ಥವಾಗದ ಕನ್ನಡದವನಿಗೆ ಏನು ಮಾಡುವುದು? ನಾರಾಯಣ ಅಲ್ಲೇ, ಕೊಂಬಿನಿಯ ಮುಂದೆ, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎಳೆದು ಹೊಲಿಗೆಯ ಗುರುತು ತೋರಿಸಿದ. "ನೋಡು. ಇದಕ್ಕೆ ಮಾಡಿದ್ದು. ಇಷ್ಟಕ್ಕೇ."

ವಿನಾಯಕನ ಕಣ್ಣಲ್ಲಿ ನೀರು ಬಂತು. "ಇಷ್ಟು ನೋವಲ್ಲೂ ಇಂಥ ಐಡಿಯಾ ಹೊಳೀತಲ್ಲ ಸರ್ ನಿಮಗೆ. ಗ್ರೇಟ್." ಆಮೇಲೆ ಕಾಫಿಯ ಲೋಟ ಕೈಗಿಡುತ್ತ, "ಮುಂದಿನ ಭಾನುವಾರ ಯೊಕೊಹಾಮಾ ಶೋಗೆ ಜ್ಯೋತ್ಸ್ನಾ, ಸ್ಫೂರ್ತಿ ಇಬ್ರೂ ಇದ್ರಲ್ಲೇ ಬರ್ತಾರೆ. ಸ್ಫೂರ್ತಿ ಸ್ಕೂಲಲ್ಲೆಲ್ಲ ಹೇಳ್ಕೊಂಡ್ಬಿಟ್ಟಿದ್ದಾಳೆ" ಎಂದ.

ಜ್ಯೋತ್ಸ್ನಾ ಅವನ ಹೆಂಡತಿ, ಸ್ಫೂರ್ತಿ ಒಂದನೇ ಕ್ಲಾಸಿನ ಮಗಳು. ನಾರಾಯಣ ಆ ಕಾಫಿಯನ್ನು ಕುಡಿಯದೆ ಚೆಲ್ಲಿದ.

ಮನೆಗೆ ಬಂದವನು ಊಟಕ್ಕೆ ಕೂತೂ ಗೊಣಗುತ್ತಲೇ ಇದ್ದ. ಸಾರಿಗೆ ಉಪ್ಪು ಹೆಚ್ಚು ಎಂದ. ಈ ದೇಶ ಸರಿಯಿಲ್ಲ ಎಂದ. ಪತ್ರಿಕೆಯವನನ್ನು ಇನ್ನೊಮ್ಮೆ ಶಪಿಸಿದ. ಅನಸೂಯಾ ಎಲ್ಲ ಕೇಳಿಸಿಕೊಂಡಳು. ಅವಳು ಈ ಪೆಡಲ್ ಪುರಾಣವನ್ನು ಕೇಳಿ ಕೇಳಿ ಸಾಕಾದವಳು, ಆದರೆ ಬಿದ್ದ ಸೈಕಲ್ಲಿನ ಸಂಗತಿಗೆ ಅವಳ ಕೈಯೂ ನಿಂತಿತು.

"ರೀ, ಒಂದ್ ಮಾತು ಹೇಳ್ಲಾ? ಕಾಶಿವಾದಲ್ಲಿರೋ ನಿಮ್ಮ ಮಗ ಅಜಿತ್, ನೀವು ಹೇಳಿದ್ದನ್ನ ಯಾವತ್ತಾದ್ರೂ ಕೇಳಿದ್ನಾ? ಬೇಗ ಏಳು ಅಂದ್ರಿ, ಏಳ್ಲಿಲ್ಲ. ಮನೇಲಿ ಕನ್ನಡ ಮಾತಾಡು ಅಂದ್ರಿ, ಇಂಗ್ಲಿಷಲ್ಲಿ ಓಕೆ ಅಂದ. ಆದ್ರೆ ನೀವು ಊಟ ಮಾಡ್ತಾ ಎಡಗೈಲಿ ಮೀಸೆ ಒರೆಸ್ಕೊಳ್ತೀರಲ್ಲ, ಅದನ್ನ ಮಾತ್ರ ಹಂಗೇ ಕಲ್ತಿದ್ದಾನೆ. ಮೀಸೆ ಇಲ್ದಿದ್ರೂ ಒರೆಸ್ಕೊಳ್ತಾನೆ."

"ಅದಕ್ಕೇನೀಗ?"

"ಜನ ಬಾಯಿ ನೋಡಲ್ಲ ರೀ. ಕೈಕಾಲು ನೋಡ್ತಾರೆ."

ನಾರಾಯಣ ಎಡಗೈಯಿಂದ ಮೀಸೆ ಒರೆಸಿಕೊಂಡ. ಅವಳು ಏನು ಹೇಳುತ್ತಿದ್ದಾಳೆಂದು ತಿಳಿದ ಮೇಲೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ತಾನೇ ತನ್ನ ಪಿಕಪ್ಪಿನ ಪೆಡಲನ್ನು ದೂರ ಮಾಡಿದರೆ, ಅವರೂ ಮಾಡುತ್ತಾರೆ. ಒಂದು ಮಾತೂ ಬೇಕಿಲ್ಲ. ಆದರೆ ಮಾಡಿದರೆ ಅವನು ಆ ಗಾಡಿಯನ್ನು ಮತ್ತೆ ಓಡಿಸುವ ಹಾಗಿಲ್ಲ. ಅವನು ಓಡಿಸಬಲ್ಲ ಗಾಡಿ ಪ್ರಪಂಚದಲ್ಲಿ ಅದೊಂದೇ. ಮನೆಯ ಪುಟ್ಟ ಕಾರನ್ನು ಮೊದಲಿನಿಂದಲೂ ಅನಸೂಯಾ ಓಡಿಸುತ್ತಿದ್ದಳು. ಅದರಲ್ಲಿ ಅವನು ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕೂರುವವನು. ಪಿಕಪ್ಪಿನಲ್ಲಿ ಮಾತ್ರ ಅವನು ಕುಂಟನಲ್ಲ. ಅದರೊಳಗೆ ಕಾಲು ಚಾಚಿ ಕೂತರೆ ಯಾರಿಗಿಂತಲೂ ಕಡಿಮೆಯವನಲ್ಲ.

"ಶೋ ಮುಗಿದ್ಮೇಲೆ ಮತ್ತೆ ಮೊದಲಿನ ಹಾಗೇ ಹಾಕ್ಕೊಳ್ಳಿ" ಎಂದಳು ಅನಸೂಯಾ, ಅವನ ಮುಖ ನೋಡಲಾರದೆ.

"ಪ್ರತಿ ಭಾನುವಾರ ಬಂದು ಬಾಗಿಲು ತೆಗೆದು ಫೋಟೋ ಹೊಡ್ಕೊಂಡು ಹೋಗ್ತಾರೆ. ನಾನು ಹಾಕ್ಕೊಂಡ್ರೆ ಅವ್ರೂ ಹಾಕ್ಕೊಳ್ತಾರೆ. ಯಾರದ್ದೋ ಮಗು ಸಾಯ್ಲಿ ಅಂತ ಬಿಡ್ಲಾ?" ಎಂದು ಅವಳ ಮೇಲೆ ಹರಿಹಾಯ್ದ. ಅವಳದೇನೂ ತಪ್ಪಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ವಾರದ ನಡುವೆ ಒಂದು ಮಧ್ಯಾಹ್ನ ಪಿಕಪ್ಪನ್ನು ಸಗಮಿ ನದಿಯ ದಂಡೆಯವರೆಗೆ ಓಡಿಸಿಕೊಂಡು ಹೋದ. ನದಿಯಲ್ಲಿ ನೀರು ಕಡಿಮೆಯಿತ್ತು. ಸೇತುವೆಯ ಮೇಲೆ ಮೂರನೇ ಗೇರಿನಲ್ಲಿ ಗುಡುಗಿಸಿದ. ಪಾದ ತಿರುಗಿಸಿದ ಕಡೆ ಪೆಡಲ್ ಸಿಕ್ಕಿತು, ಎಂದಿನ ಹಾಗೆ. ತಿರುಗಿ ಬರುವಾಗ ಅಳು ಬಂತು. ಇಂಥ ವಯಸ್ಸಿನಲ್ಲಿ, ಬೇರೆಯವರ ದಡ್ಡತನಕ್ಕೆ ತನ್ನ ಕಾಲನ್ನು ಎರಡನೆಯ ಸಲ ಕೊಡಬೇಕಲ್ಲ ಎಂದು ಹೊಟ್ಟೆ ಉರಿಯಿತು. ತಪ್ಪು ಮಾಡಿದವನಾದರೆ ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರಬಹುದಿತ್ತು. ಅವನು ಮಾಡಿದ್ದಾದರೂ ಏನು? ಕುಂಟಿದ್ದ, ಅಷ್ಟೇ.

ವರ್ಕ್‌ಶಾಪಿಗೆ ಬಂದು ಆಕ್ಸಿಲರೇಟರಿನ ಕಂಬಿ ಕತ್ತರಿಸಿದ. ಹೊಸದನ್ನು ಬಗ್ಗಿಸಿ, ಕೆಳಗಿಳಿಸಿ, ಬಲಕ್ಕೆ ದೂರ ಸರಿಸಿ ಬೆಸೆದ. ಬ್ರೇಕನ್ನು ಮೇಲೆತ್ತಿ ಅಗಲ ಮಾಡಿದ. ಬೆಸುಗೆ ಕಲೆಯನ್ನು ತೀಡಿ, ಅಂಗೈಗೆ ಬಟ್ಟೆ ಸುತ್ತಿ ಸವರಿ ನೋಡಿದ. ಕೆಲಸ ಚೆನ್ನಾಗಿ ಬಂದಿತ್ತು. ಹತ್ತಿ ಕೂತು ಹಿಮ್ಮಡಿ ಊರಿ ಪಾದ ತಿರುಗಿಸಿದ. ಪಾದಕ್ಕೆ ಏನೂ ತಾಗಲಿಲ್ಲ. ಎರಡೂ ಕೈಯಿಂದ ತೊಡೆ ಹಿಡಿದೆತ್ತಿ ಬ್ರೇಕಿನ ಮೇಲೆ ಇಟ್ಟ. ಅಷ್ಟರಲ್ಲಿ ಎದುರಿಗೆ ಬಂದ ಆನೆಯೂ ದಾಟಿ ಹೋಗಿರುತ್ತಿತ್ತು. ಬೀಗದ ಕೈ ತೆಗೆದುಕೊಂಡು ಹೋಗಿ ಅಡುಗೆಮನೆಯ ಮೇಜಿನ ಮೇಲೆ, ಅನಸೂಯಾಳ ಮುಂದೆ ಇಟ್ಟ.

ಶನಿವಾರ ವಿನಾಯಕ್ ಗಾಡಿ ಒರೆಸಲು ಬಂದ. ಎಂದಿನಂತೆ ಗುರುವಿನ ಗಾಡಿಯ ಬಾಗಿಲು ತೆಗೆದ. ಎಷ್ಟೋ ಹೊತ್ತು ತಲೆ ಹೊರಗೆ ಬರಲಿಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಸರ್... ಚೇಂಜ್ ಮಾಡಿದ್ದೀರಾ?"

"ಹೂಂ."

"ಯಾಕ್ ಸರ್?"

ನಾರಾಯಣ ಬಾಯಿ ತೆರೆದ. ಸೈಕಲ್ಲು, ಷೂ, ಮೊಣಕಾಲು, ಎಲ್ಲ ನಾಲಗೆಯ ತುದಿಗೆ ಬಂತು. "ಹಿಂಗೇ ಸರಿ" ಎಂದ, ಅಷ್ಟೇ.

ವಿನಾಯಕ್ ಫೋನ್ ತೆಗೆದು ಎಡದಿಂದ ಬಲದಿಂದ ಚಿತ್ರ ಹೊಡೆದ. ಬೆರಳಿಟ್ಟು ಸಂದು ಅಳೆದ. ಚಿತ್ರಗಳು ಫೋನಿನಲ್ಲೇ ಶಿಷ್ಯರ ಗುಂಪಿಗೆ ಹೋದವು. ಕಾಫಿ ಆರುವ ಮೊದಲೇ ಇಸೊಗಾಯ್-ಸಾನ್ ಫೋನ್ ಮಾಡಿ ಪೆಡಲಿನ ಎತ್ತರ ಎಷ್ಟು, ಕೋನ ಎಷ್ಟು ಎಂದು ಕೇಳಿದ. ಸಂಜೆಯೊಳಗೆ ವಿನಾಯಕನ ಗಾಡಿಯಲ್ಲಿ ಪೆಡಲ್ ದೂರವಾಗಿತ್ತು. ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಯಿತು. ಸಂತೋಷಪಡಬೇಕಾದ ನಾರಾಯಣ ಅವನ ಬೆನ್ನಿಗೆ ಒಂದು ಗುದ್ದು ಹಾಕೋಣವೆಂದುಕೊಂಡು, ಕೈ ತಡೆದ.

"ಮತ್ತೆ ಸರ್, ನಾಳೆ ನೀವು ಮುಂದೆ ಹೋಗಿ, ನಾನು ಹಿಂದೆ ಬರ್ತೀನಿ."

"ಆಂಟಿ ಓಡಿಸ್ತಾಳೆ" ಎಂದ ನಾರಾಯಣ.

ಭಾನುವಾರ ಅನಸೂಯಾ ಬೆನ್ನಿಗೊಂದು ದಿಂಬು ಇಟ್ಟುಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಪಿಕಪ್ಪನ್ನು ಯೊಕೊಹಾಮಾಕ್ಕೆ ಓಡಿಸಿದಳು. ಮಕ್ಕಳನ್ನು ಶಾಲೆಗೆ, ಗಂಡನನ್ನು ವೈದ್ಯರಲ್ಲಿಗೆ ಸಾಗಿಸಿ ಪಳಗಿದ ಕೈ ಅದು, ಎಲ್ಲೂ ತಪ್ಪಲಿಲ್ಲ. ಎಡಗಡೆ ಕೂತ ನಾರಾಯಣ ದಾರಿಯುದ್ದಕ್ಕೂ ತಪ್ಪು ಹುಡುಕಿದ. ಗೇರ್ ಬದಲಿಸು ಎಂದ, ಅಷ್ಟು ಒತ್ತಬೇಡ ಎಂದ. ಕೊನೆಗೆ ಅವಳು, "ಇಳಿದು ರೈಲಲ್ಲಿ ಬರ್ತೀರೇನು?" ಎಂದ ಮೇಲೆ ಸುಮ್ಮನಾದ.

ಹಿಂದೆಯೇ ವಿನಾಯಕನ ಗಾಡಿ. ಮೈದಾನದ ಬಾಗಿಲಲ್ಲಿ ಕೆಂಪು ಕೋಲು ಹಿಡಿದ ಕಾವಲಿನವನು ಅಡ್ಡ ಬಂದಾಗ ಅದು ಸದ್ದಿಲ್ಲದೆ, ಕುಲುಕದೆ ನಿಂತಿತು. ನಾರಾಯಣ ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದ. ತಂದೆ ತಾಯಿಯ ನಡುವೆ ಕೂತ ಸ್ಫೂರ್ತಿ ಕೈ ಬೀಸಿದಳು. ಅವನೂ ಬೀಸಿದ. ಆ ಕ್ಷಣಕ್ಕೆ ಸಿಟ್ಟು ಸ್ವಲ್ಪ ಇಳಿಯಿತು.

ಅಷ್ಟರಲ್ಲಿ ಇಸೊಗಾಯ್-ಸಾನ್ ಓಡಿಬಂದ. ಅವನ ಹಿಂದೆ ನಾಗೋಯಾದವನು, ಅವನ ಹಿಂದೆ ಇನ್ನೂ ಏಳೆಂಟು ಜನ. ಬಗ್ಗಿ ಪೆಡಲ್ ನೋಡಿದರು. ಆಮೇಲೆ ಅನಸೂಯಾಳನ್ನು ನೋಡಿದರು. ಆಮೇಲೆ ಎಡಗಡೆ, ಕಾಲು ಚಾಚಿ ಕೂತಿದ್ದ ನಾರಾಯಣನನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಮೆರಾಗಳು ಹೊರಗೆ ಬಂದವು.

"ಮಾಸ್ಟರ್," ಇಸೊಗಾಯ್-ಸಾನ್ ದನಿ ತಗ್ಗಿಸಿ ಕೇಳಿದ, "ಕಟ್ಟಿದವನು ಓಡಿಸದೆ ಪಕ್ಕದಲ್ಲಿ ಕೂರುವುದು... ಇದರ ಅರ್ಥವೇನು?"

ನಾರಾಯಣ ಅವನನ್ನೇ ದಿಟ್ಟಿಸಿದ. ಒಂದೊಂದೇ ಪದವನ್ನು ಬಿಡಿಸಿ, ಮಗುವಿಗೆ ಹೇಳುವ ಹಾಗೆ ಜಪಾನಿಯಲ್ಲಿ ಹೇಳಿದ: "ನನ್ನ ಬಲಗಾಲು ಮಡಚುವುದಿಲ್ಲ. ಈ ಪೆಡಲಿನಲ್ಲಿ ನನಗೆ ಗಾಡಿ ಓಡಿಸಲು ಬರುವುದಿಲ್ಲ. ಅಷ್ಟೇ. ಬೇರೆ ಅರ್ಥವಿಲ್ಲ."

ಇಸೊಗಾಯ್-ಸಾನ್ ಕಣ್ಣು ಮುಚ್ಚಿ ಆ ಮಾತನ್ನು ಒಳಗಿಳಿಸಿಕೊಂಡ. ಸೊಂಟದವರೆಗೆ ಬಗ್ಗಿದ. ಅವನ ಹಿಂದಿದ್ದವರೂ ಸಾಲಾಗಿ ಬಗ್ಗಿದರು. ನಾಗೋಯಾದ ಯುವಕ ಆಗಲೇ ತನ್ನ ಹೆಂಡತಿಗೆ ಫೋನ್ ಮಾಡಿ, ನಿನಗೆ ಕ್ಲಚ್ ಗಾಡಿ ಓಡಿಸುವ ಲೈಸೆನ್ಸ್ ಇದೆಯೇ ಎಂದು ಕೇಳುತ್ತಿದ್ದ.

ಬಾಗಿಲು ತೆಗೆದು ಇಳಿದು, ಧಡಾರೆಂದು ಹಾಕಿ, ಇವರೆಲ್ಲರಿಗೂ ಬೆನ್ನು ತೋರಿಸಿ ನಡೆದು ಹೋಗಿಬಿಡಬೇಕು ಎನ್ನಿಸಿತು ನಾರಾಯಣನಿಗೆ. ಆದರೆ ಅವನು ಕುಂಟುತ್ತಾನೆ. ಕುಂಟುವುದನ್ನು ಅವರು ನೋಡುತ್ತಾರೆ.

"ನಡಿಯೇ, ಒಳಗೆ ತಗೊಂಡು ಹೋಗು" ಎಂದು ಅನಸೂಯಾಳಿಗೆ ಹೇಳಿ, ಅಲ್ಲಾಡದೆ ಕೂತ.